ಮೀಟರು ಕೂಗುತ್ತಿತ್ತು

ನಮ್ಮ ಮನೆಯವರಿಗೆ ಈ ರಸ್ತೆಯಲ್ಲಿ ಕಿವಿ ಮೇಷ್ಟ್ರು ಅಂತಲೇ ಹೆಸರು. ಪಾಠ ಗೀಠ ಏನೂ ಹೇಳಿದವರಲ್ಲ. ಕಾರಿಗೆ ಸ್ಪೀಕರು, ಡಿಕ್ಕಿಯೊಳಗೆ ದಪ್ಪ ಸದ್ದಿನ ವೂಫರು ಕೂರಿಸೋ ಕೆಲಸ. ಇಪ್ಪತ್ತಾರು ವರ್ಷದಿಂದ ಮೀಟರು ಮುಟ್ಟದೆ, ಬರೀ ಕಿವಿಯಲ್ಲಿ ಕೇಳಿ ಆಂಪ್ಲಿಫೈಯರಿನ ಸದ್ದಿನ ತಿರುಪು ಹೊಂದಿಸಿದ್ದಾರೆ. "ದೇವರು ಎರಡು ಮೀಟರು ಕೊಟ್ಟೇ ಕಳಿಸಿದ್ದಾನೆ, ಮೂರನೇದು ಯಾಕೆ?" ಅನ್ನೋದು ಇವರ ಜಂಭ. ಮುಂದಿನ ಮೇಜು, ಫೋನು, ಗಿರಾಕಿಗಳ ಗೊಣಗಾಟ ನನ್ನ ಪಾಲು.

ಆ ಕಿವಿ ಹೋಗ್ತಿದೆ ಅಂತ ನನಗೆ ಗೊತ್ತಾಗಿ ಎರಡು ವರ್ಷ. ಫ್ರಿಜ್ಜಿನ ಬಾಗಿಲು ತೆರೆದೇ ಇದ್ರೆ ಅದು ಕೀಂ ಕೀಂ ಅಂತ ಬಡ್ಕೊಳ್ಳುತ್ತೆ. ಇವರು ಅದರ ಮುಂದೆಯೇ ನಿಂತು ನೆಮ್ಮದಿಯಾಗಿ ನೀರು ಕುಡೀತಾರೆ. ಮಗಳು ಫೋನು ಮಾಡಿದ್ರೆ "ಬಾಯಿ ಬಿಟ್ಟು ಮಾತಾಡೇ" ಅಂತ ಬೈತಾರೆ, ಪಾಪ, ಅವಳು ಅರಚಿಕೊಳ್ತಿರ್ತಾಳೆ. ದಪ್ಪ ಸದ್ದು ಕೇಳುತ್ತೆ, ಸಣ್ಣ ಸದ್ದು ಇಲ್ಲ. ಕಿವಿ ಮೇಷ್ಟ್ರಿಗೇ ಕಿವಿ ಇಲ್ಲ ಅಂದ್ರೆ ಅಂಗಡಿಗೆ ಯಾರು ಬರ್ತಾರೆ? ನಾನು ಬಾಯಿಗೆ ಬೀಗ ಹಾಕ್ಕೊಂಡೆ. ಗಿರಾಕಿ ಹೇಳಿದ್ದನ್ನ ಇನ್ನೊಂದು ಸಲ ಜೋರಾಗಿ ನಾನೇ ಹೇಳೋದು ರೂಢಿ ಮಾಡ್ಕೊಂಡೆ. ಮೊದಮೊದಲು ಹೆದರಿಕೆ ಆಗ್ತಿತ್ತು. ಆಮೇಲೆ ಅದೂ ಜಡ್ಡುಗಟ್ಟಿತು.

ಈ ವರ್ಷ ಔಷಧಿ ಅಂಗಡಿಯವರ ವೂಫರು ಸುಟ್ಟುಹೋಯ್ತು. ಎರಡು ತಿಂಗಳಿಗೆ ಡ್ರೈವಿಂಗ್ ಕಲಿಸೋರದ್ದು. ಎರಡೂ ಇವರೇ ಕೂರಿಸಿದ್ದು, ಎರಡನ್ನೂ ಇವರೇ ಬದಲಾಯಿಸಿ ಕೊಟ್ಟರು. "ಕಂಪನಿ ಮಾಲೇ ಕೆಟ್ಟೋಗಿದೆ" ಅಂದ್ರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಗಾದೆ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಮೂರನೇದು ನನ್ನ ತಮ್ಮನದು. ಅವನು ಮನೆಗಳಿಗೆ ವೈರಿಂಗ್ ಮಾಡೋನು. ಮಂಗಳವಾರ ಬೆಳಿಗ್ಗೆ ಕಾರು ತಂದು ಅಂಗಡಿ ಮುಂದೆ ನಿಲ್ಲಿಸಿದ.

"ಭಾವ, ನಿನ್ನೆವರೆಗೂ ಗೊರಗೊರ ಅಂತಿತ್ತು. ಇವತ್ತು ಉಸಿರೇ ಇಲ್ಲ."

ಇವರು ಡಿಕ್ಕಿ ತೆಗೆದು, ಪೆಟ್ಟಿಗೆಯ ಎಂಟು ಸ್ಕ್ರೂ ಬಿಚ್ಚಿ, ವೂಫರನ್ನ ಮೇಜಿನ ಮೇಲೆ ಅಂಗಾತ ಮಲಗಿಸಿದರು. ಕಪ್ಪು ಬಟ್ಟಲಿನ ಮೇಲೆ ನಾಲ್ಕು ಬೆರಳಿಟ್ಟು ಮೆಲ್ಲಗೆ ಒತ್ತಿದರು. ಮರಳು ಉಜ್ಜಿದ ಹಾಗೆ ಕರಕರ. ಬಗ್ಗಿ ಮೂಸಿದರು.

"ಒಳಗಿನ ತಂತಿಸುರುಳಿ ಸುಟ್ಟಿದೆ. ಕಮಟು ವಾಸನೆ ನೋಡು" ಅಂದರು. ಬೆರಳು, ಮೂಗು ಇವತ್ತಿಗೂ ಚುರುಕು.

ನನ್ನ ತಮ್ಮ ಜೇಬಿಂದ ತನ್ನ ವೈರಿಂಗಿನ ಮೀಟರು ತೆಗೆದ. "ಇದೊಂದು ಸಲ ನನ್ನ ಮಾತು ಕೇಳಿ ಭಾವ. ಇದರ ಎರಡು ಕಡ್ಡಿ ವೂಫರಿನ ತಂತಿಗೆ ಮುಟ್ಟಿಸಿ. ಸದ್ದು ಬಂದ್ರೆ ಜೀವ ಇದೆ, ಬರದಿದ್ರೆ ಇಲ್ಲ."

"ಬಂದ್ಬಿಟ್ಟ, ಅಜ್ಜನಿಗೆ ಕೆಮ್ಮು ಕಲಿಸೋಕೆ" ಅಂತ ನಗುತ್ತಾ ಮುಟ್ಟಿಸಿದರು. ಸದ್ದಿಲ್ಲ. ಸುಟ್ಟಿರೋದು ಖಾತ್ರಿ ಆಯ್ತು.

ಹೊಸ ವೂಫರಿನ ಡಬ್ಬ ಒಡೆದರು. "ಕೂರಿಸೋ ಮುಂಚೆ ಇದಕ್ಕೂ ಮುಟ್ಟಿಸಿ" ಅಂದ ತಮ್ಮ. ಇವರು ಬಗ್ಗಿ ಎರಡು ಕಡ್ಡಿ ಮುಟ್ಟಿಸಿದರು.

ಕೀಂ ಅಂತ ಮೀಟರು ಕೂಗಿತು. ರಸ್ತೆಯಾಚೆಗೂ ಕೇಳಿಸೋ ಹಾಗೆ.

ಇವರು ಕಡ್ಡಿ ತೆಗೆಯಲಿಲ್ಲ. ಇನ್ನೂ ಒತ್ತಿ ಹಿಡಿದರು. ಅದು ಕೂಗುತ್ತಲೇ ಇತ್ತು. ತಲೆ ಎತ್ತಿ, ಗೆದ್ದವರ ಹಾಗೆ ನನ್ನ ಮುಖ ನೋಡಿದರು.

"ನಾನು ಬಡ್ಕೊಳ್ಳಲಿಲ್ವಾ? ಇದೂ ಸತ್ತಿದೆ. ಡಬ್ಬದಲ್ಲೇ ಸತ್ತು ಬಂದಿದೆ. ಕಂಪನಿ ಮಾಲೇ ಇಷ್ಟು!"

ತಮ್ಮ ನನ್ನನ್ನ ನೋಡಿದ. ನಾನು ಮೇಜಿನ ಮೇಲಿದ್ದ ಎಂಟು ಸ್ಕ್ರೂ ನೋಡಿದೆ. ಅಳು ಬರಬೇಕಿತ್ತು. ಏನೂ ಬರಲಿಲ್ಲ. ಹಲ್ಲು ಕೀಳೋ ಮುಂಚೆ ದವಡೆ ಮರಗಟ್ಟುತ್ತಲ್ಲ, ಹಾಗಿತ್ತು.

"ರೀ, ಅದು ಕೂಗ್ತಾ ಇದೆ" ಅಂದೆ.

"ಏನು?"

ಅವರ ಎದುರಿಗೆ ಹೋಗಿ ಜೋರಾಗಿ ಹೇಳಿದೆ. "ಮೀಟರು. ಆಗಿಂದ ಕೂಗ್ತಾ ಇದೆ."

ಕಡ್ಡಿ ತೆಗೆದರು. ಮತ್ತೆ ಮುಟ್ಟಿಸಿದರು. ಮೀಟರನ್ನ ಕಿವಿಗೆ ಆನಿಸಿಕೊಂಡರು, ಆ ಕಿವಿಗೆ, ಈ ಕಿವಿಗೆ. ತಮ್ಮ ಅತ್ತ ತಿರುಗಿ ನಿಂತ. ಕೊನೆಗೆ ಇವರು ಮೀಟರು ಕೆಳಗಿಟ್ಟು ಬಟ್ಟೆಯಲ್ಲಿ ಕೈ ಒರೆಸಿಕೊಂಡರು, ಬೆರಳು ಬೆರಳಾಗಿ.

"ಹಾಗಾದ್ರೆ ತಿರುಪು ಜಾಸ್ತಿ ಆದಾಗ ಸದ್ದು ಒಡೆಯುತ್ತಲ್ಲ, ಆ ಚರಚರ... ಅದೂ ನನಗೆ ಕೇಳಿಸ್ತಿಲ್ಲ. ಒಡೆದ ಸದ್ದನ್ನೇ ಸರಿ ಅಂತ ಬಿಟ್ಟಿದ್ದೀನಿ. ಅದಕ್ಕೇ ಸುಡ್ತಿದೆ." ಯಾರದ್ದೋ ಕಾರಿನ ವಿಷಯ ಹೇಳೋ ಹಾಗೆ ಹೇಳಿದರು. "ನಿನಗೆ ಯಾವಾಗಿಂದ ಗೊತ್ತು?"

"ಎರಡು ವರ್ಷ."

ಬೈತಾರೆ ಅಂದ್ಕೊಂಡೆ. ಬೈದಿದ್ರೆ ಚೆನ್ನಾಗಿತ್ತು. "ಹೂಂ" ಅಂತ ಹೊಸ ವೂಫರು ಎತ್ಕೊಂಡು ಡಿಕ್ಕಿಯ ಕಡೆ ಹೋದರು. ತಂತಿ ಸಿಕ್ಕಿಸಿ, ಎಂಟೂ ಸ್ಕ್ರೂ ಎದುರುಬದುರಾಗಿ ಬಿಗಿದರು. ಆಮೇಲೆ ನನ್ನನ್ನ ಕರೆದರು.

"ಕಾರೊಳಗೆ ಕೂತ್ಕೋ. ನಾನು ಹಾಡು ಹಾಕಿ ತಿರುಪು ಮೆಲ್ಲಗೆ ತಿರುಗಿಸ್ತೀನಿ. ಒಡೆದ ತಕ್ಷಣ ಕೈ ಎತ್ತು."

ಕೂತೆ. ಸೀಟು ಬೆನ್ನಿಗೆ ಗುಮ್ಮತೊಡಗಿತು. ಚರ್ ಅಂದ ಕೂಡಲೆ ಕೈ ಎತ್ತಿದೆ. ಇವರು ತಿರುಪು ನೋಡಿದರು, ಅರ್ಧಕ್ಕೂ ಬಂದಿರಲಿಲ್ಲ.

"ಇಷ್ಟಕ್ಕೇನಾ?"

ತಲೆ ಆಡಿಸಿದೆ. ಇನ್ನೊಂದು ಸಲ ಮಾಡಿಸಿದರು. ಕೈ ಅಲ್ಲಿಗೇ ಎದ್ದಿತು. ಒಂದು ಕೂದಲಷ್ಟು ಹಿಂದೆ ತಿರುಗಿಸಿ ಬಿಟ್ಟರು.

ಅಷ್ಟರಲ್ಲಿ ಡ್ರೈವಿಂಗ್ ಕಲಿಸೋರು ಹಿಂದಿನಿಂದ ಬಂದರು. "ಕಿವಿ ಮೇಷ್ಟ್ರೇ, ನಂದು ಮತ್ತೆ ಗೊರಗೊರ ಅಂತಿದೆ, ಸ್ವಲ್ಪ ನೋಡ್ತೀರಾ?"

ಇವರು ತಿರುಗಲಿಲ್ಲ. ಬೇರೆ ದಿನವಾಗಿದ್ರೆ ಭುಜ ಮುಟ್ಟಿ ನಾನೇ ಇನ್ನೊಂದು ಸಲ ಹೇಳ್ತಿದ್ದೆ. ಇವತ್ತು ಕಾರಿಂದ ಇಳಿದು ಗಿರಾಕಿಯ ಹತ್ತಿರ ಹೋದೆ.

"ಎದುರಿಗೆ ಬಂದು ಮಾತಾಡಿ. ಅವರಿಗೆ ಕಿವಿ ಕೇಳಿಸಲ್ಲ" ಅಂದೆ. ಪಿಸುಮಾತಿನ ಹಾಗೆ ಹೊರಟಿತು.

ಇವರು ಅಷ್ಟೊತ್ತಿಗೆ ತಿರುಗಿದ್ದರು, ನನ್ನ ತುಟಿಯನ್ನೇ ನೋಡ್ತಿದ್ದರು. ಸ್ಕ್ರೂಡ್ರೈವರು ಜೇಬಿಗೆ ಹಾಕ್ಕೊಂಡರು.

"ಜೋರಾಗಿ ಹೇಳೇ" ಅಂದರು. "ಅವರಿಗೆ ಕೇಳಿಸಿರಲ್ಲ."