ಧರೆಪ್ಪನ ದನಿಯ ಮೇಲೊಂದು ಪೆಟ್ಟಿ ಕೇಸು

ಬನಹಟ್ಟಿಯ ನೇಕಾರ ಧರೆಪ್ಪ ಕಳೆದ ಸೋಮವಾರ ನಸುಕಿನಲ್ಲಿ ತೀರಿಕೊಂಡ. ವಯಸ್ಸು ಅರವತ್ತೊಂದು. ನಿದ್ದೆಯಲ್ಲೇ ಹೋದ. ಹೆಂಡತಿ ಯಲ್ಲಕ್ಕ ಚಹಾ ಕುದಿಸಿ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ಅವನು ಸದ್ದಿಲ್ಲದೆ ಮಾಡಿದ ಕೆಲಸ ಇದೊಂದೇ ಎಂದು ಮಣ್ಣಿಗೆ ಬಂದವರೊಬ್ಬರು ಅಂದರು. ಯಾರೂ ನಗಲಿಲ್ಲ. ಅಲ್ಲವೆಂದೂ ಯಾರೂ ಅನ್ನಲಿಲ್ಲ.

ಧರೆಪ್ಪನ ಹಿರಿಯರು ಕುರಿ ಕಾಯ್ದವರು, ಒಂದು ದಿನ್ನೆಯಿಂದ ಇನ್ನೊಂದು ದಿನ್ನೆಗೆ ಕೂಗಿ ಸಂಸಾರ ನಡೆಸಿದ ಮಂದಿ. ಆ ಗಂಟಲು ಇವನಿಗೆ ಬಳುವಳಿಯಾಗಿ ಬಂದಿತ್ತು. ಅದರ ಮೇಲೆ ನಲವತ್ತು ವರ್ಷ ಪಾವರ್‌ಲೂಮಿನ ದುಡಿಮೆ. ಇಪ್ಪತ್ತು ಮಗ್ಗ ಒಂದೇ ತಗಡಿನ ಸೂರಿನಡಿ ಬಡಿದುಕೊಳ್ಳುವಾಗ ತನ್ನ ಕೆಮ್ಮು ತನಗೇ ಕೇಳುವುದಿಲ್ಲ. ಪಕ್ಕದವನಿಗೆ ನೂಲು ಹರಿದಿದೆ ಎಂದು ಹೇಳಬೇಕಾದರೂ ಹೊಟ್ಟೆಯಾಳದಿಂದ ಒದರಬೇಕು. ದೂರದಲ್ಲಿರುವವನ ಜೊತೆ ಒದರಿಯೂ ಉಪಯೋಗವಿಲ್ಲ, ಅವನ ತುಟಿ ನೋಡಿ ಮಾತು ತಿಳಿಯಬೇಕು. ಹಳೆಯ ನೇಕಾರರೆಲ್ಲ ಹೀಗೆ ಆ ತುದಿಯಿಂದ ಈ ತುದಿಗೆ ತುಟಿಯಲ್ಲೇ ಹರಟೆ ಹೊಡೆಯುತ್ತಾರೆ. ಧರೆಪ್ಪ ಎರಡರಲ್ಲೂ ಪಳಗಿದ್ದ. ಕಿವಿ ಅರ್ಧ ಹೋಗಿದ್ದರಿಂದ ತಾನು ಮೆಲ್ಲಗೇ ಮಾತಾಡುತ್ತೇನೆ ಎಂದು ಪ್ರಾಮಾಣಿಕವಾಗಿ ನಂಬಿದ್ದ. ಅವನ ಹತ್ತಿರ ಗುಟ್ಟು ಹೇಳುವುದೂ ಓಣಿಯಲ್ಲಿ ಡಂಗುರ ಹೊಡೆಸುವುದೂ ಒಂದೇ ಆಗಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಜಮಖಂಡಿಗೆ ಹೋಗಿದ್ದರು. ತಿರುಗಿ ಬರುವಾಗ ಬಸ್‌ ಸ್ಟ್ಯಾಂಡಿನಲ್ಲಿ ಧರೆಪ್ಪ ನೀರು ಕುಡಿಯಲು ಹೋದ. ಅಷ್ಟರಲ್ಲಿ ಯಲ್ಲಕ್ಕ ಜಾಗ ಹಿಡಿಯುವ ಅವಸರದಲ್ಲಿ ಬೀಳಗಿ ಬಸ್ಸು ಹತ್ತಿ ಕೂತಿದ್ದಳು. ಬಸ್ಸು ಹೊರಟಿತು. ಧರೆಪ್ಪ ನಳದ ಹತ್ತಿರ ನಿಂತಲ್ಲಿಂದಲೇ ಕೂಗಿದ.

"ಏ, ಇಳೀ ಬೇ ಕೆಳಗ! ಅದು ನಮ್ಮ ಬಸ್ಸಲ್ಲ!"

ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಅವನಿಗಿರಲಿಲ್ಲ. ಹಾಗಾಗಿ ಆ ಬಸ್ಸಿನಿಂದ ಐದು ಮಂದಿ ಹೆಂಗಸರು ಇಳಿದರು. ಅವರಲ್ಲಿ ನಾಲ್ವರು ನಿಜವಾಗಿಯೂ ಬೀಳಗಿಗೆ ಹೋಗಬೇಕಾದವರು. ಮುಧೋಳದ ಬಸ್ಸಿನ ಡ್ರೈವರ್ ಯಾರೋ ಗಾಲಿಯ ಕೆಳಗೆ ಸಿಕ್ಕರೆಂದು ಬ್ರೇಕ್ ಒತ್ತಿದ. ಮಲಗಿದ್ದ ಕೂಸುಗಳೆಲ್ಲ ಒಮ್ಮೆಲೇ ಎದ್ದು ಅತ್ತವು. ಅಲ್ಲಿ ಕರ್ತವ್ಯದ ಮೇಲಿದ್ದ ಪೊಲೀಸ್ ಪೇದೆ ಗುರಪ್ಪ ಓಡಿ ಬಂದ.

"ಯಾಕೋ, ಕುಡದೀಯೇನು? ಯಾಕ ಒದರಾಕತ್ತಿ?"

"ನಾ ಎಲ್ಲಿ ಒದರಾಕತ್ತೇನ್ರಿ?" ಎಂದ ಧರೆಪ್ಪ. ಗುರಪ್ಪನ ಟೋಪಿ ಅಲುಗಿತು ಎಂದು ಯಲ್ಲಕ್ಕ ಇಂದಿಗೂ ಆಣೆ ಮಾಡಿ ಹೇಳುತ್ತಾಳೆ.

ಹೀಗೆ ಕೇಸಾಯಿತು. ಕುಡಿದ ಅಮಲಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ಕೂಗಾಡಿ ಶಾಂತಿ ಕದಡಿದ ಆರೋಪ. ಇಂಥದಕ್ಕೆ ಕೋರ್ಟಿನಲ್ಲಿ ಪೆಟ್ಟಿ ಕೇಸು ಅನ್ನುತ್ತಾರೆ. ತಪ್ಪಾಯಿತು ಎಂದು ಒಪ್ಪಿಕೊಂಡು ಚಿಕ್ಕ ದಂಡ ಕಟ್ಟಿ ಮನೆಗೆ ಹೋಗುವುದು ವಾಡಿಕೆ. ವಕೀಲ ನೀಲಕಂಠ ಅದನ್ನೇ ಹೇಳಿದ.

"ಹೂಂ ಅಂದ್ಬಿಡು ಮಾವ. ಹನ್ನೆರಡರ ಬಸ್ಸಿಗೆ ಊರ ಮುಟ್ಟತಿ."

"ಹೂಂ ಅಂದ್ರ ಡೊಳ್ಳ ಹೋಗತೈತೋ," ಎಂದ ಧರೆಪ್ಪ. ವಕೀಲರ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಡೊಳ್ಳಿನ ಮಾತು ಹೀಗಿತ್ತು. ಓಣಿಯ ಬೀರದೇವರ ಗುಡಿಯಲ್ಲಿ ಪ್ರತಿ ಭಾನುವಾರ ಡೊಳ್ಳಿನ ಮೇಳ. ಭಂಡಾರ ಮುಟ್ಟಿ ಕುಡಿಯುವುದಿಲ್ಲವೆಂದು ಆಣೆ ಮಾಡಿದವರಿಗೆ ಮಾತ್ರ ಅಲ್ಲಿ ಡೊಳ್ಳು. ಧರೆಪ್ಪ ಇಪ್ಪತ್ಮೂರರ ಪ್ರಾಯದಲ್ಲಿ ಆ ಹಳದಿ ಪುಡಿಯನ್ನು ಹಣೆಗೆ ಹಚ್ಚಿಕೊಂಡು ಆಣೆ ಮಾಡಿದವನು. ಆಮೇಲೆ ಒಂದು ತೊಟ್ಟು ಮುಟ್ಟಿರಲಿಲ್ಲ. ಕೇಸಿನ ಸುದ್ದಿ ಊರಿಗೆ ಬಂದ ದಿನ ಮೇಳದ ಹಿರಿಯ ಮಾಳಿಂಗರಾಯ ಅವನ ಡೊಳ್ಳನ್ನು ಗೂಟಕ್ಕೆ ನೇತು ಹಾಕಿದ. "ನನಗ ನಂಬಿಕಿ ಐತೋ ಧರ್ಯಾ. ಆದ್ರ ಸರಕಾರದ ಕಾಗದದಾಗ ಕುಡುಕ ಅಂತ ಬರದಾರ. ಅದ ಅಳಸಿ ಬರೂತನಕ ಕೈ ಹಚ್ಚಬ್ಯಾಡ" ಎಂದ. ಮೇಳದಲ್ಲಿ ಧರೆಪ್ಪ ಗೋಡೆಗೆ ಒರಗಿ ಕೂತು ತೊಡೆಯ ಮೇಲೆ ಬೆರಳು ಆಡಿಸುತ್ತ ಹದಿನಾಲ್ಕು ತಿಂಗಳು ಕಳೆದ.

ಜಮಖಂಡಿಯ ಕೋರ್ಟಿನಲ್ಲಿ ನ್ಯಾಯಾಧೀಶೆ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯವರು. ಹೆಸರು ಕೇಳಿದಾಗ ಧರೆಪ್ಪ ಹೇಳಿದ. ಹೊರಗಿನ ಬೇವಿನ ಮರದಡಿ ಟೈಪು ಮಾಡುತ್ತಿದ್ದವನು ಕೈ ನಿಲ್ಲಿಸಿದ.

"ಸ್ವಲ್ಪ ಮೆಲ್ಲಗೆ," ಎಂದರು ನ್ಯಾಯಾಧೀಶೆ.

"ಮೆಲ್ಲಗ ಹೇಳಿದೆನ್ರಿ ಬಾಯಾರ. ಕೇಳಲಿಲ್ಲೇನ್ರಿ?"

ಮೊದಲು ಯಲ್ಲಕ್ಕನ ಸಾಕ್ಷಿಯಾಗಲೆಂದು ನೀಲಕಂಠ ಬೇಡಿಕೊಂಡಿದ್ದ. ಆಗಲಿಲ್ಲ, ಪೊಲೀಸರ ಸಾಕ್ಷಿಯೇ ಮೊದಲು ಬರಬೇಕಿತ್ತು. ಗುರಪ್ಪನನ್ನು ಕರೆಯುವ ಮುಂಚೆ ಬೇರೆ ಯಾವುದೋ ಕಡತ ಹುಡುಕುತ್ತಿದ್ದರು. ಆ ಬಿಡುವಿನಲ್ಲಿ ಗುರಪ್ಪ ದೂರದ ಬಾಗಿಲ ಹತ್ತಿರ ನಿಂತು ಇನ್ನೊಬ್ಬ ಪೇದೆಯ ಜೊತೆ ಪಿಸುಗುಡುತ್ತಿದ್ದ. ಕಟಕಟೆಯಲ್ಲಿದ್ದ ಧರೆಪ್ಪ ಸುಮ್ಮನೆ ನಿಲ್ಲಬೇಕಲ್ಲ. ಮಗ್ಗದ ಚಾಳಿ, ಅವರ ತುಟಿ ನೋಡಿದ. ನೋಡಿ, ಹಿಂದಿನ ಬಾಕಿನ ಮೇಲೆ ಕೂತ ಹೆಂಡತಿಗೆ, ತನ್ನ ತಿಳಿವಳಿಕೆಯ ಪ್ರಕಾರ ಕಿವಿಯಲ್ಲಿ ಹೇಳಿದಷ್ಟು ಮೆಲ್ಲಗೆ ಹೇಳಿದ.

"ಅಂವಗ ಅವತ್ತ ಮೂಗ ಕಟ್ಟಿತ್ತಂತ ಬೇ. ನೆಗಡಿ ಆಗಿ ಯಾವ ವಾಸನೀನೂ ಹತ್ತಿರಲಿಲ್ಲಂತ. ಈಗ ದಾರೂ ವಾಸನಿ ಬಂತು ಅಂತ ಹ್ಯಾಂಗ ಹೇಳಲಿ ಅಂತ ಕೇಳಾಕತ್ತಾನ."

ಗುರಪ್ಪನ ಮುಖ ಬಿಳಿಚಿತು. ನೀಲಕಂಠ ಕಡತದಲ್ಲಿ ಮುಖ ಹುದುಗಿಸಿದ.

"ಅಷ್ಟು ದೂರ ಪಿಸುಮಾತು ನಿಮಗೆ ಹೇಗೆ ಕೇಳಿಸಿತು?" ಎಂದರು ನ್ಯಾಯಾಧೀಶೆ.

"ಕೇಳ್ಸಿಲ್ರಿ. ನನಗ ಕಿವಿ ಮಂದ. ಕಂಡಿತ್ರಿ."

ನೀಲಕಂಠ ಎದ್ದು ಮಗ್ಗದ ಕಾರ್ಖಾನೆಯ ರೂಢಿಯನ್ನು ತಡವರಿಸುತ್ತ ವಿವರಿಸಿದ. ನ್ಯಾಯಾಧೀಶೆಗೆ ನಂಬಿಕೆ ಬರಲಿಲ್ಲ. ಅವರು ಪಕ್ಕದ ಗುಮಾಸ್ತೆಯ ಕಡೆ ವಾಲಿ ಏನೋ ಅಂದು, ತಿರುಗಿ, "ಈಗ ನಾನು ಏನಂದೆ?" ಎಂದು ಕೇಳಿದರು.

ಧರೆಪ್ಪ ತಲೆ ತುರಿಸಿಕೊಂಡ. "ಹೇಳಾಕ ಸಂಕೋಚ ಆಗತೈತ್ರಿ."

"ಹೇಳಿ."

"ಈ ಮುದುಕ ಇವತ್ತು ನಮಗ ಊಟ ತಪ್ಪಿಸ್ತಾನ ಅಂದ್ರಿ."

ಮೊದಲು ನಕ್ಕವರು ನ್ಯಾಯಾಧೀಶೆಯೇ. ಅವರು ನಕ್ಕ ಮೇಲೆ ಉಳಿದವರಿಗೂ ಧೈರ್ಯ ಬಂತು. ಗುರಪ್ಪನನ್ನು ಸಾಕ್ಷಿ ಕಟ್ಟೆಗೆ ಕರೆದು ಪ್ರಮಾಣ ಮಾಡಿಸಿದರು. ಅವನು ಕೆಟ್ಟವನಲ್ಲ, ಬಿಸಿಲಲ್ಲಿ ಸಿಟ್ಟಿಗೆದ್ದವನು. ಹೌದು, ನೆಗಡಿ ಇತ್ತು ಅಂದ. ಆಸ್ಪತ್ರೆಗೆ ಒಯ್ದು ತಪಾಸಣೆ ಮಾಡಿಸಿರಲಿಲ್ಲ ಅಂದ. ಅಷ್ಟು ದೊಡ್ಡ ದನಿ ಕುಡಿಯದ ಮನುಷ್ಯನಿಂದ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ ಎಂದೂ ಅಂದ.

ಆಮೇಲೆ ಯಲ್ಲಕ್ಕ ಬಂದಳು. ಸರಕಾರಿ ವಕೀಲರು ಕೇಳಿದರು. "ನಿನ್ನ ಗಂಡ ಮನೆಯಲ್ಲೂ ಹೀಗೇ ಮಾತಾಡುತ್ತಾನೇನಮ್ಮ?"

"ಇಲ್ರೀ," ಎಂದಳು ಯಲ್ಲಕ್ಕ. ಅವಳೂ ಮೂವತ್ತು ವರ್ಷ ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಿದವಳು, ದನಿಯಲ್ಲಿ ಗಂಡನಿಗೆ ಸೋಲುವವಳಲ್ಲ. "ಮನ್ಯಾಗ ಇನ್ನಾ ಸ್ವಲ್ಪ ಜೋರ. ಕೋರ್ಟ್ ಅಂತ ಇಲ್ಲಿ ಅಂಜ್ಯಾರ."

ಸರಕಾರಿ ವಕೀಲರು ಕಡತ ಮಡಚಿ ಕೂತರು.

ಹದಿನೈದು ದಿನದ ಮೇಲೆ ಖುಲಾಸೆಯಾಯಿತು. ತೀರ್ಪು ಓದುವಾಗ ಧರೆಪ್ಪ ಕಣ್ಣು ಮಿಟುಕಿಸದೆ ನ್ಯಾಯಾಧೀಶೆಯ ತುಟಿಯನ್ನೇ ನೋಡಿದ. ಬಿಡುಗಡೆ ಅಂದದ್ದು ಅವನಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಆದರೆ ಅವತ್ತು ಒಂದು ಮಾತೂ ಆಡಲಿಲ್ಲ. ಜಮಖಂಡಿಯಿಂದ ಬನಹಟ್ಟಿಯ ತನಕ ಬಸ್ಸಿನಲ್ಲಿ ಸುಮ್ಮನೆ ಕೂತಿದ್ದ. ಯಲ್ಲಕ್ಕ ಗಾಬರಿಯಾಗಿ ಎರಡು ಸಲ ಹಣೆ ಮುಟ್ಟಿ ನೋಡಿದಳು.

ತೀರ್ಪಿನ ನಕಲು ಕೈಗೆ ಬಂದದ್ದು ಅವನು ತೀರಿಕೊಳ್ಳುವ ಎರಡು ದಿನ ಮುಂಚೆ, ಶನಿವಾರ. ಭಾನುವಾರ ಮಧ್ಯಾಹ್ನ ಅದನ್ನು ಹಿಡಿದು ಗುಡಿಗೆ ಹೋದ. ಮಾಳಿಂಗರಾಯ ಮೊದಲೇ ಗೂಟದ ಹತ್ತಿರ ನಿಂತಿದ್ದ.

"ಕಾಗದ ಯಾಕೋ? ಸುದ್ದಿ ಎಲ್ಲಾರಿಗೂ ಗೊತ್ತೈತಿ. ತಗೋ, ಹಿಡಿ."

"ಹಂಗಲ್ಲ ಕಾಕಾ. ಬರದದ್ದನ್ನ ನೋಡಿ ಇಟ್ಟಿ. ಬರದದ್ದನ್ನ ಕೇಳಿ ತಗಿ."

ಎಂದವನೇ ಗುಡಿಯ ಕಟ್ಟೆಯ ಮೇಲೆ ನಿಂತು ಓದತೊಡಗಿದ. ಕೇಸಿನ ನಂಬರಿನಿಂದ ಹಿಡಿದು ಐದೂ ಪುಟ ಓದಿದ. ಆರೋಪಿ ಮದ್ಯ ಸೇವಿಸಿದ್ದನೆಂಬುದಕ್ಕೆ ಯಾವ ಆಧಾರವೂ ಇಲ್ಲ ಎಂಬ ಸಾಲು ಬಂದಾಗ, ಯಾರೂ ಕೇಳದಿದ್ದರೂ, ಅದನ್ನು ಎರಡು ಸಲ ಓದಿದ. ಅತ್ತ ಪಕ್ಕದೂರು ರಬಕವಿಯ ಕಡೆಯವರಿಗೂ ಕೇಳಿರಬೇಕು. ಮಾಳಿಂಗರಾಯ ಕೈಯಲ್ಲಿ ಡೊಳ್ಳು ಹಿಡಿದು ಅಷ್ಟೂ ಹೊತ್ತು ನಿಂತೇ ಇದ್ದ. ಓದು ಮುಗಿದ ಮೇಲೆ ತಾನೇ ಅದನ್ನು ಧರೆಪ್ಪನ ಕೊರಳಿಗೆ ಹಾಕಿ ಹಣೆಗೆ ಭಂಡಾರ ಹಚ್ಚಿದ.

ಧರೆಪ್ಪ ದೀಪ ಹಚ್ಚುವ ಹೊತ್ತಿನ ತನಕ ಬಾರಿಸಿದ. ಮುಗಿದ ಮೇಲೆ ಮಾಳಿಂಗರಾಯ ಡೊಳ್ಳು ಇಸಿದುಕೊಳ್ಳಲು ಕೈ ಚಾಚಿದರೆ ಕೊಡಲಿಲ್ಲ. ಇವತ್ತೊಂದು ದಿನ ಮನೆಗೆ ಒಯ್ಯುತ್ತೇನೆ ಅಂದ. ಮನೆಯಲ್ಲಿ ರೊಟ್ಟಿ ತಿಂದು, ಕೈ ತೊಳೆದು, ಡೊಳ್ಳನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡ. ಬಾರಿಸಿದ ಡೊಳ್ಳನ್ನು ಬಿಗಿಯಾಗಿಯೇ ಬಿಟ್ಟರೆ ಚರ್ಮ ಹರಿಯುತ್ತದೆ. ಧರೆಪ್ಪ ಕೂತು ಅದರ ಹಗ್ಗವನ್ನು ಸುತ್ತಲೂ ಒಂದೊಂದಾಗಿ ಸಡಿಲಿಸಿ, ಮಲಗಿದ.