ಅಕ್ಕನ ಡ್ರಮ್ಮಿನ ಉಬ್ಬುತಗ್ಗು

ಇವತ್ತು ಬೆಳಿಗ್ಗೆ ಚಹಾ ಕುಡಿಯಲು ಸ್ಟೀಲ್ ಲೋಟ ಎತ್ತಿಕೊಂಡರೆ ಅದರ ಹೊಟ್ಟೆಯಲ್ಲಿ ಹುಣಿಸೆ ಬೀಜದಷ್ಟು ಒಂದು ತಗ್ಗು. ನೀವಾದರೆ ಚಹಾ ಕುಡಿದು ಲೋಟ ತೊಳೆದಿಡುತ್ತೀರಿ. ನನ್ನಿಂದ ಅದಾಗುವುದಿಲ್ಲ. ಚಹಾ ಆರುವಷ್ಟು ಹೊತ್ತು ಹೆಬ್ಬೆರಳು ಆ ತಗ್ಗಿನ ಮೇಲೆಯೇ ಓಡಾಡಿತು. ಗುದ್ದಿಸಿಕೊಂಡು ಬಂದ ಕಾರುಗಳ ತಗಡನ್ನು ಬಡಿದು ಸಪಾಟು ಮಾಡುವುದು ಬಹ್ರೇನಿನ ಸಿತ್ರಾದ ಗ್ಯಾರೇಜಿನಲ್ಲಿ ನನ್ನ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದ ಹೈವೇ ಬದಿಯ ಗ್ಯಾರೇಜು ಸೇರಿದ ಮೇಲೆ ನಾನು ಕಲಿತ ವಿದ್ಯೆ ಇದೊಂದೇ. ಓದಿದವರು ತಪ್ಪಕ್ಷರ ಕಂಡರೆ ಚಡಪಡಿಸುತ್ತಾರಂತೆ. ನನಗೆ ತಗ್ಗು ಕಂಡರೆ ಹಾಗೆ. ನೆಂಟರ ಮನೆಗೆ ಹೋದರೂ ಮೊದಲು ನೋಡುವುದು ಫ್ರಿಜ್ಜಿನ ಬಾಗಿಲು.

ಈ ಚಟದಿಂದ ನಾನು ಅಕ್ಕನಿಗೆ ಮಾಡಿದ ಅನ್ಯಾಯವನ್ನು ನಿಮಗೆ ಹೇಳಬೇಕು. ಕೈ ಮಾಡಿದ ತಪ್ಪು ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ದೊಡ್ಡ ತಪ್ಪು ಮಾಡಿದ್ದು ಬಾಯಿ.

ಅಕ್ಕ ಇಲ್ಲಿ ನರ್ಸು, ಮನೆ ಸೆಗಯಾದಲ್ಲಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳೂ, ವೀಸಾ ಮಾಡಿಸಿ ಬಹ್ರೇನಿಗೆ ಕರೆಸಿದವಳೂ ಅವಳೇ. ಅವಳ ಜೊತೆ ಕೆಲಸ ಮಾಡುವ ಗ್ಲೋರಿಯಾ ಕೆರಿಬಿಯನ್ ಕಡೆಯ ಟ್ರಿನಿಡಾಡಿನವರು. ವೆಸ್ಟ್ ಇಂಡೀಸ್ ಎಂದರೆ ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತದೆ, ಕ್ರಿಕೆಟ್ಟಿನ ದೆಸೆಯಿಂದ. ಗ್ಲೋರಿಯಾ ರಿಫಾದ ತಮ್ಮ ವಿಲ್ಲಾದ ಕಾರ್ ಶೆಡ್ಡಿನಲ್ಲಿ ಒಂದು ಕಲಾ ಬಳಗ ನಡೆಸುತ್ತಾರೆ. ಲಾಭ ಗೀಭ ಏನಿಲ್ಲ. ತಮ್ಮ ಊರಿನ ಹಾಡು, ಕುಣಿತ, ವಾದ್ಯ ಇಲ್ಲಿನವರಿಗೂ ತಿಳಿಯಲಿ ಎಂದು. ಐವತ್ತು ದಾಟಿದ ನನ್ನ ಅಕ್ಕ ಹೇಗೋ ಅದರಲ್ಲಿ ಸೇರಿಕೊಂಡಳು. "ಡ್ರಮ್ ಕಲೀತಾ ಇದ್ದೇನೆ ಮಾರಾಯ," ಎಂದಳು, ಏನೋ ಕದ್ದವಳ ಹಾಗೆ ನಗುತ್ತ. ತನಗೆಂದು ಅವಳು ಕಲಿತ ಮೊದಲ ಸಂಗತಿ ಅದು. ವಾರ್ಷಿಕ ಕಾರ್ಯಕ್ರಮದಲ್ಲಿ ಮುಖ್ಯ ರಾಗ ಅವಳೇ ನುಡಿಸಬೇಕೆಂದೂ ತೀರ್ಮಾನವಾಯಿತು. ನಾನು ಮದುವೆ ಬ್ಯಾಂಡಿನ ಡ್ರಮ್ ಇರಬೇಕು ಅಂದುಕೊಂಡೆ.

ಒಂದು ಶುಕ್ರವಾರ, ನನಗೆ ರಜೆಯಿದ್ದು ಅಕ್ಕ ಡ್ಯೂಟಿಯಲ್ಲಿದ್ದಾಗ, ಅವಳ ಮನೆಯಲ್ಲಿ ಆ ಡ್ರಮ್ ನೋಡಿದೆ. ಎಣ್ಣೆ ಪೀಪಾಯಿಯ ತಳ! ಕತ್ತರಿಸಿ ಹೊಳಪು ಕೊಟ್ಟಿದ್ದರು, ಸರಿ. ಆದರೆ ಒಳಗೆಲ್ಲ ಉಬ್ಬು, ತಗ್ಗು, ಮತ್ತೆ ಉಬ್ಬು. ಲಾರಿಗೆ ಸಿಕ್ಕಿದ ಹಾಗಿತ್ತು. ನನಗೆ ಸಿಟ್ಟು ಬಂತು. ಪಾಪದವಳು ಎಂದು ನನ್ನ ಅಕ್ಕನಿಗೆ ಜಖಂ ಆದ ಮಾಲು ದಾಟಿಸಿದ್ದಾರೆ! ನನ್ನ ಕೆಲಸದ ಚೀಲದಲ್ಲಿ ಸುತ್ತಿಗೆ ಇದ್ದೇ ಇತ್ತು. ಎರಡೂವರೆ ಗಂಟೆ ಬಡಿದೆ. ಪಕ್ಕದ ಮನೆಯ ಪಾಕಿಸ್ತಾನಿ ಮುದುಕರು ಬಾಗಿಲಾಚೆಯಿಂದಲೇ, "ವಾಹ್, ಆಜ್ ಬಾಜಿ ಬಹುತ್ ಅಚ್ಛಾ ಬಜಾ ರಹೀ ಹೈ," ಎಂದು, ಅಕ್ಕನೇ ನುಡಿಸುತ್ತಿದ್ದಾಳೆಂದು ತಿಳಿದು, ಮೆಚ್ಚಿಕೊಂಡು ಹೋದರು. ಕೊನೆಗೆ ಅದು ನೀರುದೋಸೆಯ ಕಾವಲಿಯ ಹಾಗೆ ನುಣ್ಣಗಾಯಿತು. ಅಷ್ಟು ನಾಜೂಕಿನ ಕೆಲಸವನ್ನು ನಾನು ಜೀವಮಾನದಲ್ಲಿ ಮಾಡಿಲ್ಲ. ಡ್ರಮ್ಮನ್ನು ಅದರ ಚೀಲಕ್ಕೆ ಹಾಕಿ ಜಿಪ್ ಎಳೆದೆ. ಅಕ್ಕನಿಗೆ ಹೇಳಲಿಲ್ಲ, ತೆರೆದಾಗ ಅವಳ ಮುಖ ನೋಡುವ ಆಸೆ.

ಮರುದಿನ ಅಕ್ಕ ಅದನ್ನು ಕಾರಿನಲ್ಲಿಟ್ಟುಕೊಂಡೇ ಡ್ಯೂಟಿ ಮುಗಿಸಿ, ಸಂಜೆ ನನ್ನನ್ನೂ ಕೂರಿಸಿಕೊಂಡು ರಿಫಾಕ್ಕೆ ಹೋದಳು. ಜುಲೈ ತಿಂಗಳು. ಎಲ್ಲರ ಮುಂದೆ ಜಿಪ್ ತೆಗೆದಳು. ನಾನು ಹೊಗಳಿಸಿಕೊಳ್ಳಲು ಶರ್ಟಿನ ಕಾಲರ್ ಸರಿ ಮಾಡಿಕೊಂಡೆ. ಅಕ್ಕ ಕೋಲಿನಿಂದ ತಟ್ಟಿದಳು. ಡಬ್. ಇನ್ನೊಂದು ಕಡೆ ತಟ್ಟಿದಳು. ಅಲ್ಲೂ ಡಬ್. ಗ್ಲೋರಿಯಾ ಕುರ್ಚಿ ಹುಡುಕಿ ಕೂತರು. ಪ್ರತಿ ಉಬ್ಬೂ ಒಂದೊಂದು ಸ್ವರ, ಅವರ ಊರಿನ ಒಬ್ಬ ಮುದುಕರು ಕಿವಿಯಿಟ್ಟು ಬಡಿದು ಬಡಿದು ಎಬ್ಬಿಸಿದ್ದು ಎಂದು ನನಗೆ ತಿಳಿದದ್ದು ಆಗ.

'ಇಡೀ ದಿನ ಬಿಸಿಲಲ್ಲಿ ಕಾರಿನಲ್ಲೇ ಬಿಟ್ಟಿದ್ದೆ, ತಪ್ಪು ನನ್ನದೇ' ಎಂದು ಅಕ್ಕ ಗ್ಲೋರಿಯಾಗೆ ಇಂಗ್ಲಿಷಿನಲ್ಲಿ ಹೇಳಿ ಅತ್ತಳು. ನನ್ನತ್ತ ತಿರುಗಿ, "ತಗಡಿನ ಕೆಲಸದವ ಅಲ್ದಾ ನೀನು, ಹೇಳು ತಮ್ಮ. ಬಿಸಿಲಿಗೆ ಹೀಗಾಗ್ತದಾ?" ಎಂದು ಕೇಳಿದಳು.

"ಆಗ್ತದೆ," ಎಂದೆ. ಸಾಲದ್ದಕ್ಕೆ, "ಬಹ್ರೇನಿನ ಬಿಸಿಲಿಗಂತೂ ಖಂಡಿತ ಆಗ್ತದೆ," ಎಂದೂ ಸೇರಿಸಿದೆ. ಅಕ್ಕ ಅದನ್ನು ಇಂಗ್ಲಿಷಿಗೆ ಮಾಡಿ ಎಲ್ಲರಿಗೂ ಹೇಳಿದಳು.

ಬಳಗ ಸಭೆ ಸೇರಿತು. ಡ್ರಮ್ಮುಗಳಿಗೆಂದು ಶೆಡ್ಡಿನಲ್ಲಿ ಒಂದು ಕೋಣೆ ಮಾಡಿ ಏಸಿ ಹಾಕಿದರು. ಡ್ರಮ್ಮುಗಳು ಒಳಗೆ ತಣ್ಣಗೆ ಮಲಗಿದವು. ಮನುಷ್ಯರು ಹೊರಗೆ ಬೆವರು ಒರೆಸಿಕೊಳ್ಳುತ್ತ ಕುಣಿತ ಕಲಿತರು. 'ಡ್ರಮ್ಮನ್ನು ಕಾರಿನಲ್ಲಿ ಬಿಡಬಾರದು, ಬಿಸಿಲಿಗೆ ಸ್ವರ ಕರಗುತ್ತದೆ' ಎಂದು ಇಂಗ್ಲಿಷಿನಲ್ಲಿ, ಅರಬಿಯಲ್ಲಿ, ಅಕ್ಕನ ಗೌರವಾರ್ಥ ಕನ್ನಡದಲ್ಲಿ ಗೋಡೆಗೆ ನೋಟೀಸು ಅಂಟಿಸಿದರು. ಕನ್ನಡದ್ದು ನನ್ನ ಕೈಬರಹ. ನನಗೆ ಲೋಹ ಸಲಹೆಗಾರ ಎಂಬ ಸರ್ಟಿಫಿಕೇಟೂ ಸಿಕ್ಕಿತು. ಮುಖ್ಯ ರಾಗ ಬೇರೆಯವರ ಪಾಲಾಯಿತು. ಅವರ ಮೇಳದಲ್ಲಿ ತಾಳಕ್ಕೆ ಕಾರಿನ ಬ್ರೇಕ್ ಡ್ರಮ್ಮನ್ನೂ, ಅಂದರೆ ಚಕ್ರದೊಳಗಿನ ಕಬ್ಬಿಣದ ಬಟ್ಟಲನ್ನೂ, ಬಡಿಯುತ್ತಾರೆ. ಅಕ್ಕನಿಗೆ ಅದನ್ನು ಕೊಟ್ಟರು. ಗ್ಯಾರೇಜಿನಿಂದ ತಂದುಕೊಟ್ಟವನೂ ನಾನೇ. ಕಾರ್ಯಕ್ರಮದ ದಿನ ಅವಳು ಎಲ್ಲರ ಹಿಂದೆ ನಿಂತು ಟಿಣ್ ಟಿಣ್ ಎಂದು ಒಂದೇ ಸದ್ದು ಹೊರಡಿಸಿದಳು. ತುಟಿ ಮಾತ್ರ ಇಡೀ ರಾಗ ಗುನುಗುತ್ತಿತ್ತು. ಸಲಹೆಗಾರರಿಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಅಲ್ಲಿಂದ ಅದು ಸ್ಪಷ್ಟವಾಗಿ ಕಾಣುತ್ತಿತ್ತು.

ಆ ತುಟಿ ನನ್ನನ್ನು ಬಿಡಲಿಲ್ಲ. ಮುಂದಿನ ಶುಕ್ರವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ.

"ಅಕ್ಕಾ, ಅದು ಬಿಸಿಲಲ್ಲ. ನಾನು. ಸುತ್ತಿಗೆಯಲ್ಲಿ ಬಡಿದು ಸಪಾಟು ಮಾಡಿದೆ."

ಅಕ್ಕ ನಗುತ್ತ ನನ್ನ ತಟ್ಟೆಗೆ ಇನ್ನೊಂದು ಬಂಗುಡೆ ಹಾಕಿದಳು. "ನನ್ನ ಬೇಜಾರು ಕಾಣ್ಲಿಕ್ಕಾಗದೆ ತಪ್ಪು ಮೈಮೇಲೆ ಹಾಕ್ಕೊಳ್ತಿ ಅಲ್ದಾ? ಸಣ್ಣಿರುವಾಗ್ಲೂ ಹೀಗೇ ನೀನು. ಉಣ್ಣು."

"ದೇವರಾಣೆ ಅಕ್ಕ!"

"ಸುಮ್ನಿರು ಮಾರಾಯ. ಗೋಡೆ ಮೇಲೆ ಬರೆದು ಹಾಕಿದ್ದಾರೆ, ಅದು ಸುಳ್ಳಾ?"

ನನ್ನ ಕೈಬರಹವೇ ನನ್ನ ಮಾತನ್ನು ಸುಳ್ಳು ಮಾಡಿತು. ಎದ್ದು ಮಂಚದ ಅಡಿಯಿಂದ ಆ ಡ್ರಮ್ ಎಳೆದು, ಮಗುಚಿ, ಅವಳ ಬೆರಳು ಹಿಡಿದು ತಳದ ಮೇಲೆ ಆಡಿಸಿದೆ. ಸುತ್ತಿಗೆ ಏಟಿನ ಗುರುತುಗಳು, ಸಾಲು ಸಾಲಾಗಿ, ಒತ್ತೊತ್ತಾಗಿ. ಬಿಸಿಲು ಸಾಲು ಹಿಡಿದು ಹೊಡೆಯುವುದಿಲ್ಲ.

ಅಕ್ಕನ ನಗು ನಿಂತಿತು. ನನ್ನ ಹಿಡಿತದಿಂದ ಬೆರಳು ಬಿಡಿಸಿಕೊಂಡು, "ಆ ಬಿಸಿಲಿಗೆ ಎಷ್ಟು ಬೈದಿದ್ದೆ ನಾನು," ಎಂದಳು. ಆಮೇಲೆ, "ಗ್ಲೋರಿಯಾಗೆ ನೀನೇ ಹೇಳು. ನಾನು ಬಾಯಿ ಬಿಡುದಿಲ್ಲ."

ಹೇಳಿದೆ. ನನಗೆ ಬರುವ ನಾಲ್ಕು ಇಂಗ್ಲಿಷ್ ಶಬ್ದ ಸಾಲದೆ ಗಾಳಿಯಲ್ಲಿ ಸುತ್ತಿಗೆ ಬೀಸಿಯೂ ತೋರಿಸಿದೆ. ಗ್ಲೋರಿಯಾ ಮೊದಲು ನನ್ನನ್ನು ನೋಡಿದರು, ಆಮೇಲೆ ಏಸಿಯನ್ನು. ನಗಬೇಕೋ ಹೊಡೆಯಬೇಕೋ ತಿಳಿಯದೆ, ಡ್ರಮ್ಮನ್ನು ನನ್ನ ಮಡಿಲಿಗೆ ಹಾಕಿದರು. ಸ್ವರ ತೆಗೆದವನು ನೀನು, ನೀನೇ ವಾಪಸ್ ಹಾಕು ಎಂದರು.

ಅಂದಿನಿಂದ ನಾಲ್ಕು ತಿಂಗಳಾಯಿತು, ಪ್ರತಿ ಶುಕ್ರವಾರ ಅಕ್ಕನ ಮನೆಯಲ್ಲಿ ಕೂತು ಕಲಿತ ವಿದ್ಯೆಯನ್ನೆಲ್ಲ ಉಲ್ಟಾ ಮಾಡುತ್ತಿದ್ದೇನೆ. ನುಣ್ಣನೆಯ ತಗಡಿಗೆ ಬೇಕೆಂದೇ ಉಬ್ಬು ತಗ್ಗು! ಟ್ರಿನಿಡಾಡಿನ ಆ ಮುದುಕರು ಫೋನಿನಲ್ಲಿ ಕಾಣಿಸಿಕೊಂಡು ನನಗೆ ಅರ್ಥವಾಗದ ಇಂಗ್ಲಿಷಿನಲ್ಲಿ ಬೈಯುತ್ತಾರೆ. ಬೈಗುಳ ಎಂಬುದು ಮಾತ್ರ ಅರ್ಥವಾಗುತ್ತದೆ. ಅಕ್ಕ ಬೈಯುವುದೂ ಇಲ್ಲ. ಊಟದ ತಟ್ಟೆ ಇಟ್ಟು ಹೋಗುತ್ತಾಳೆ, ಉಣ್ಣು ಎನ್ನುವುದಿಲ್ಲ. ನನ್ನ ಜೊತೆ ಅವಳು ಆಡುವುದು ಎರಡೇ ಶಬ್ದ: ಸ್ವರ ಏರಬೇಕಾದರೆ "ಮೇಲೆ", ಇಳಿಯಬೇಕಾದರೆ "ಕೆಳಗೆ".

ಇವತ್ತೂ ಹೋದೆ. ಒಂದೇ ಉಬ್ಬನ್ನು ಹಿಡಿದು ಕೂತೆ. ಹೊಡೆದೆ. "ಮೇಲೆ." ಹೊಡೆದೆ. "ಕೆಳಗೆ." ಮತ್ತೆ ಹೊಡೆದೆ. ಈ ಸಲ ಮಾತು ಬರಲಿಲ್ಲ. ಅಕ್ಕ ಕೋಲು ತೆಗೆದುಕೊಂಡು ಮೆಲ್ಲಗೆ ತಟ್ಟಿದಳು. ಒಂದು ಸ್ವರ ಎದ್ದು ಮನೆ ತುಂಬ ನಿಂತಿತು. ಆದರೆ ಉಬ್ಬಿನ ಅಂಚಿನಲ್ಲಿ ಕೂದಲೆಳೆಯಷ್ಟು ಓರೆ ಇದ್ದದ್ದು ನನ್ನ ಕಣ್ಣಿಗೆ ಬಿತ್ತು. ಸುತ್ತಿಗೆ ತಾನಾಗಿ ಮೇಲೆದ್ದಿತು.

ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಸಾಕು," ಎಂದಳು. "ಇನ್ನು ಮುಟ್ಬೇಡ, ತಮ್ಮ."