ಬಚ್ಚಲ ಕಿಟಕಿಯ ಜೇಡ

ಗೆಳತಿಯರೇ, ಇವತ್ತು ಬಚ್ಚಲ ಕಿಟಕಿಯಲ್ಲೊಂದು ವಿಚಿತ್ರ ಜೇಡ ಕಂಡಿತು. ಮೈಮೇಲೆ ಹಳದಿ ಪಟ್ಟೆ, ಬಲೆಯ ನಡುವೆ ಬಿಳಿ ಗುಣಾಕಾರದ ಗುರುತು. ಯಾವ ಜೇಡವೆಂದು ಕೇಳಲು ಮನೆಯಲ್ಲಿ ಯಾರಿದ್ದಾರೆ? ತೀರಿಕೊಂಡ ಗಂಡನ ಫೋನಿನಿಂದಲೇ ಅವರ ದ್ರಾಕ್ಷಿ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದೆ. ಹೆಸರು ಕಂಡು, ಅವರೇ ಕೇಳಿದರೆಂದು ಉತ್ತರಗಳು ಬಂದವು.

"ಯಾವ ಸಾಲಿನ್ಯಾಗ ಐತಿ ಅಣ್ಣಾ?"

"ತಡಾ ಮಾಡಬ್ಯಾಡ್ರಿ, ಇವತ್ತ ಔಷಧ ಹೊಡೀರಿ!"

"ತೋಟದಾಗ ಅಲ್ರಿ, ಬಚ್ಚಲದಾಗ ಐತಿ. ನಾ ಅವರ ಹೆಂಡ್ತಿ" ಎಂದು ಬರೆದೆ.

ಬಹಳ ಹೊತ್ತಿನ ಮೇಲೆ ಪಾಲಬಾವಿ ಊರಿನ ಒಬ್ಬರು ನನ್ನನ್ನು ಅತ್ತಿಗೆಯೆಂದು ಕರೆದು ಬರೆದರು: "ಬಲಿಯೊಳಗ ಸಹಿ ಮಾಡೂ ಜೇಡರಿ ವೈನಿ. ಏನೂ ಮಾಡೂದಿಲ್ಲ, ಇರ್ಲಿ ಬಿಡ್ರಿ."

ಬಿಟ್ಟೆ. ಸಂಜೆ ಕೈಕಾಲು ತೊಳೆಯಲು ಹೋದಾಗ, ಎಷ್ಟೋ ತಿಂಗಳ ಮೇಲೆ, ಒಳಗೊಬ್ಬರಿದ್ದಾರೆ ಎಂಬಂತೆ ಬಚ್ಚಲ ಬಾಗಿಲು ತಟ್ಟಿ ಒಳಗೆ ಹೋದೆ.